ಚಿಕ್ಕಬೋರಮ್ಮ ಸಮುದ್ರಕ್ಕೆ ಹೋದದ್ದು

ಚಿನಕುರಳಿಯ ಚಿಕ್ಕಬೋರಮ್ಮನವರನ್ನು ಮೊದಲ ಸಲ ನೋಡಿದಾಗ ನಾನು ಅವರನ್ನು ಅವರದೇ ಮನೆಯ ಕೆಲಸದಾಕೆ ಎಂದುಕೊಂಡೆ. ಅಂದುಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಬಾಯಿಬಿಟ್ಟು ಹೇಳಿಬಿಟ್ಟೆ.

ಮೂರು ವರ್ಷದ ಹಿಂದಿನ ಮಾತು. ಪಾಂಡವಪುರದಿಂದ ಹೊರಡುವ ಒಂದು ವಾರಪತ್ರಿಕೆಗೆ ನಾನು ಆಗಲೂ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ನಡುವೆ ಓದುವವರು ಮಾತ್ರ ಕಡಿಮೆಯಾಗಿದ್ದಾರೆ. ಚಿನಕುರಳಿಯ ಹೊನ್ನಪ್ಪನವರಿಗೆ ಊರಿನ ಹಾಲಿನ ಸಂಘದವರು ಸತತ ಒಂಬತ್ತನೆಯ ವರ್ಷವೂ ಶಾಲು ಹೊದಿಸಿದ್ದರು. ವರ್ಷದ ಮುನ್ನೂರ ಅರವತ್ತೈದು ದಿನ, ಎರಡೂ ಹೊತ್ತು, ಒಂದು ಹೊತ್ತೂ ತಪ್ಪದೆ ಡೇರಿಗೆ ಹಾಲು ಹಾಕಿದವರಿಗೆ ಕೊಡುವ ಶಾಲು ಅದು. ಅವರ ಬಗ್ಗೆ ಬರೆಯೋಣವೆಂದು ಹೋದೆ. ಹೊನ್ನಪ್ಪನವರು ಗರಿಗರಿ ಬಿಳಿ ಅಂಗಿ ತೊಟ್ಟು ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅಂಗಿಯ ಮೇಲೆ ಒಂದು ಸಗಣಿ ಚುಕ್ಕೆಯೂ ಇರಲಿಲ್ಲ. ಪತ್ರಿಕೆಯವನಾದ ನನಗೆ ಅದೊಂದೇ ಸಾಕಾಗಬೇಕಿತ್ತು.

ಹಸುವಿನ ಇನ್ನೊಂದು ಮಗ್ಗುಲಿನಲ್ಲಿ ಮಾಸಲು ಹಸಿರು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಬಕೆಟ್ಟು ಹಿಡಿದು ನಿಂತಿದ್ದರು. "ಅಮ್ಮಾ, ಸ್ವಲ್ಪ ಆ ಕಡೆ ಸರೀರಿ, ಫೋಟೋದಲ್ಲಿ ಬರ್ತೀರ" ಅಂದೆ. ಸರಿದರು. ಆಮೇಲೆ ಅವರೇ ಕಾಫಿ ತಂದುಕೊಟ್ಟರು. ಕಾಫಿ ಚೆನ್ನಾಗಿತ್ತು. ನಾನು ಧಾರಾಳವಾಗಿ, "ಹೊನ್ನಪ್ಪನವರೇ, ಕೆಲಸದವರು ಮಾತ್ರ ಒಳ್ಳೆಯವರು ಸಿಕ್ಕಿದ್ದಾರೆ ನಿಮಗೆ" ಅಂದೆ.

ಆ ಹೆಂಗಸು ಬಾಗಿಲಲ್ಲೇ ನಿಂತು ಹೊನ್ನಪ್ಪನವರ ಮುಖ ನೋಡಿದರು. ಹೊನ್ನಪ್ಪನವರು ಲೋಟದ ತಳ ನೋಡಿದರು. ನೋಡಿ, "ಊಂ, ಪರವಾಗಿಲ್ಲ ಬುಡಿ" ಅಂದರು.

ನನ್ನ ಲೇಖನ 'ಕ್ಷೀರಪುರುಷ ಹೊನ್ನಪ್ಪ' ಎಂಬ ಹೆಸರಿನಲ್ಲಿ ಬಂತು. ಆ ಬಿರುದು ನನ್ನದೇ ಸೃಷ್ಟಿ. ಅದನ್ನು ಹೊನ್ನಪ್ಪನವರು ತಮ್ಮ ಬೈಕಿನ ಹಿಂದೆ ಬರೆಸಿಕೊಂಡಾಗ ನನಗೂ ಒಳಗೊಳಗೇ ಖುಷಿಯಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆ ಹೆಂಗಸು ಹೊನ್ನಪ್ಪನವರ ಹೆಂಡತಿಯೆಂದೂ, ಮನೆಯ ಮೂರು ಹಸುಗಳನ್ನು ಕರುವಿನಿಂದ ಸಾಕಿ, ಕರೆದು, ತೊಳೆದು, ಮೇಯಿಸಿದ ಕೈ ಅದೊಂದೇ ಎಂದೂ ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಹೇಳಿದವರು ಡೇರಿಯ ಕಾರ್ಯದರ್ಶಿ ತಮ್ಮಯ್ಯ.

"ಅವತ್ತು ನೀವಾಡಿದ್ ಮಾತ ಆಯಮ್ಮ ಮರ್ತಿಲ್ಲ ಕಣ್ರಿ" ಎಂದೂ ಅವರೇ ಹೇಳಿದರು.

"ನಾನು ಗೊತ್ತಿಲ್ಲದೆ ಅಂದದ್ದು."

"ನೀವ್ ಗೊತ್ತಿಲ್ದೆ ಅಂದ್ರಿ. ಅವ್ರು ಗೊತ್ತಿದ್ದೂ ಊಂ ಅಂದ್ರಲ್ಲ, ಅದುಕ್ಕೆ ಉರ್ಕೊಂಡವ್ಳೆ. ನಿಮ್ಮುನ್ನೂ ಅದೇ ಲಿಸ್ಟ್‌ನಾಗೆ ಇಟ್ಕೊಂಡವ್ಳೆ ಅನ್ನಿ."

ಹೊನ್ನಪ್ಪನವರು ಕೆಟ್ಟವರೇನಲ್ಲ. ಹಾಲಿನ ಸಂಘದ ಡೈರೆಕ್ಟರು, ಅಷ್ಟೆ. ಪ್ರತಿ ಏಪ್ರಿಲ್ಲಿನ ಮೊದಲ ಭಾನುವಾರ ವೇದಿಕೆ ಹತ್ತಿ ಶಾಲು ಹೊದಿಸಿಕೊಂಡು ಮಾತಾಡುತ್ತಿದ್ದರು. ಹೋದ ವರ್ಷ ಹನ್ನೊಂದನೆಯ ಶಾಲು ಹೊದೆದು, "ನಮ್ಮನೆ ಎಂಗಸ್ರಿಗೆ ನಾನು ಪೂರಾ ಆರಾಮು ಕೊಟ್ಟಿವ್ನಿ. ನಾಕಕ್ಕೆ ಏಳೋನು ನಾನು, ಕರಿಯೋನು ನಾನು" ಎಂದು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಎರಡು ಗಂಟೆಗೆ ಶುರುವಾದ ಸಭೆ ನಾಲ್ಕೂವರೆಯಾದರೂ ಮುಗಿಯದೆ, ಹಾಲು ಕರೆಯುವ ಹೊತ್ತಾಯಿತೆಂದು ಚಿಕ್ಕಬೋರಮ್ಮ ಆ ಚಪ್ಪಾಳೆಯ ನಡುವೆಯೇ ಎದ್ದು ಮನೆಗೆ ಹೋದರು.

ಆ ಮನೆಯಲ್ಲಿ ಹನ್ನೊಂದು ಶಾಲುಗಳಿದ್ದವು. ಚಳಿಗಾಲದಲ್ಲಿ ಅವನ್ನು ಚಿಕ್ಕಬೋರಮ್ಮ ಕರುಗಳಿಗೆ ಹೊದಿಸುತ್ತಿದ್ದರು. ನಡುಮನೆಯ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಇತ್ತು: ಗೋವಾದ ಸಮುದ್ರದ ಮುಂದೆ ಮೊಣಕಾಲು ಚಡ್ಡಿ, ತಲೆಗೆ ಹುಲ್ಲಿನ ಟೋಪಿ ಹಾಕಿಕೊಂಡ ಎಂಟು ಜನ ಡೈರೆಕ್ಟರುಗಳು, ಕೆಳಗೆ 'ಹೈನುಗಾರಿಕೆ ಅಧ್ಯಯನ ಪ್ರವಾಸ' ಎಂಬ ಒಕ್ಕಣೆ. ಚಿತ್ರದಲ್ಲಿ ಎಷ್ಟು ಹುಡುಕಿದರೂ ಒಂದು ಹಸು ಇಲ್ಲ. ಹೊನ್ನಪ್ಪನವರು ಇಂಥ ಅಧ್ಯಯನವನ್ನು ಆರು ಸಲ ಮಾಡಿದ್ದರು.

ಇಷ್ಟನ್ನೆಲ್ಲ ಚಿಕ್ಕಬೋರಮ್ಮ ನುಂಗಿಕೊಂಡಿದ್ದರು. ನುಂಗಲಾಗದ್ದು ಒಂದು ಚಪ್ಪಡಿ ಕಲ್ಲು.

ಹನ್ನೆರಡು ವರ್ಷ ಸತತವಾಗಿ ಹಾಲು ಹಾಕಿದವರ ಹೆಸರನ್ನು ಡೇರಿಯ ಗೋಡೆಯಲ್ಲಿ ಕಲ್ಲು ಕೆತ್ತಿಸಿ ಕೂರಿಸುವುದೆಂದು ಸಂಘದಲ್ಲಿ ಠರಾವಾಗಿತ್ತು. ಠರಾವು ಮಂಡಿಸಿದವರು ಹೊನ್ನಪ್ಪನವರೇ. ಹನ್ನೆರಡನೆಯ ವರ್ಷ ತುಂಬುವುದು ಮಾರ್ಚ್ ಮೂವತ್ತೊಂದಕ್ಕೆ. ಅವರು ಜನವರಿಯಲ್ಲೇ ಊರ ಪಕ್ಕದ ಕ್ವಾರಿಯಿಂದ ಒಳ್ಳೆಯ ಕಲ್ಲು ಆರಿಸಿ, ಕೆತ್ತಿಸಿ, ಗೋಣಿತಾಟು ಹೊದಿಸಿ ಹುಲ್ಲಿನ ಮೆದೆಯ ಮರೆಯಲ್ಲಿ ನಿಲ್ಲಿಸಿದ್ದರು. ಒಂದು ಬೆಳಿಗ್ಗೆ ಹುಲ್ಲು ಹಿರಿಯಲು ಹೋದ ಚಿಕ್ಕಬೋರಮ್ಮ ತಾಟು ಸರಿಸಿ ಓದಿದರು: 'ಸತತ ಹನ್ನೆರಡು ವರ್ಷ ಒಂದು ಹೊತ್ತೂ ತಪ್ಪದೆ ಸ್ವಹಸ್ತದಿಂದ ಹಾಲು ಕರೆದು ಹಾಕಿದ ಕ್ಷೀರಪುರುಷ ಶ್ರೀ ಹೊನ್ನಪ್ಪನವರು.'

ಸ್ವಹಸ್ತ ಎನ್ನುವ ಮಾತಿನ ಮೇಲೆ ಅವರು ಬೆರಳಾಡಿಸಿ ನೋಡಿದರಂತೆ. ಪೇಪರಾದರೆ ಮಾರನೆಯ ವಾರ ಬೋಂಡ ಕಟ್ಟಿಕೊಡುತ್ತಾರೆ. ಮೈಕಿನ ಮಾತು ಗಾಳಿಗೆ ಹೋಗುತ್ತದೆ. ಕಲ್ಲು ಹೋಗುವುದಿಲ್ಲ, ಮೊಮ್ಮಕ್ಕಳು ಓದುತ್ತಾರೆ. ತಾಟು ಮತ್ತೆ ಹೊದಿಸಿ, ಹುಲ್ಲು ಹಿರಿದುಕೊಂಡು ಬಂದರು. ಆ ಕಲ್ಲು ಗೋಡೆ ಸೇರಬಾರದೆಂದು ಅವತ್ತೇ ತೀರ್ಮಾನವಾಯಿತು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಮನೆಯಲ್ಲಿದ್ದುಕೊಂಡು ಕರೆಯುವುದಿಲ್ಲವೆಂದರೆ ಹಸುವಿನ ಕೆಚ್ಚಲು ಬಾತುಕೊಳ್ಳುತ್ತದೆ, ಊರವರು ಉಗಿಯುತ್ತಾರೆ.

ದಾರಿ ತೋರಿಸಿದ್ದು ಮಗಳ ಮದುವೆ. ತನುಶ್ರೀ ಮೈಸೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ. ನಾಗಮಂಗಲದ ಕಡೆಯ ದಿಲೀಪನ ಜೊತೆ ಮೇ ತಿಂಗಳಲ್ಲಿ ಮದುವೆ ಗೊತ್ತಾಗಿತ್ತು. ಅವಳೂ ಗೆಳತಿಯರೂ ಮದುವೆಗೆ ಮುಂಚೆ ನಾಲ್ಕು ದಿನ ಗೋವಾಕ್ಕೆ, ಅದೂ ದಕ್ಷಿಣದ ಕಡೆಯ, ಗಲಾಟೆಯಿಲ್ಲದ, ಶ್ರೀಮಂತರು ಹೋಗುವಂಥ ಸಮುದ್ರದೂರಿಗೆ ಹೋಗುವುದೆಂದು ಮಾತಾಡಿಕೊಂಡಿದ್ದರು. ಇದಕ್ಕೆ ಬ್ಯಾಚಲರೆಟ್ ಟ್ರಿಪ್ ಎನ್ನುತ್ತಾರೆ.

"ಅದ್ಯಾವ್ ಶಾಸ್ತ್ರ?" ಎಂದರು ಹೊನ್ನಪ್ಪ. "ಚಪ್ರದ ಶಾಸ್ತ್ರ ಕೇಳಿವ್ನಿ, ಬಳೆ ಶಾಸ್ತ್ರ ಕೇಳಿವ್ನಿ. ಮದ್ವೆ ಗೊತ್ತಾದ್ ಎಣ್ಣು ಸಮುದ್ರುಕ್ಕೆ ಓಗೋ ಶಾಸ್ತ್ರ ನಮ್ಮೋರಲ್ಲಿಲ್ಲ."

"ದಿಲೀಪ ಓಗ್ಬಂದ್ನಲ್ಲಪ್ಪ, ಹತ್ತು ಜನ ಫ್ರೆಂಡ್ಸ್ ಜೊತೆ?"

"ಅವ್ನು ಗಂಡು."

ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಮಾರನೆಯ ಭಾನುವಾರ ನಾಗಮಂಗಲದಿಂದ ಬೀಗರು ಬಂದರು. ಬೀಗರು ಎದುರಿಗೆ ಕೂತಾಗ ಹೊನ್ನಪ್ಪನವರ ಔದಾರ್ಯ ತಾನಾಗಿಯೇ ಹಿಗ್ಗುತ್ತದೆ. ಬೀಗಿತ್ತಿ ಸುಮ್ಮನೆ, "ಮಗು ಟೂರ್‌ಗೀರ್ ಓಗ್ಬರ್‌ಬೇಕು ಅಂತಿದ್ಲಂತೆ" ಅಂದರು. ಹೊನ್ನಪ್ಪನವರು ಕಾಲಮೇಲೆ ಕಾಲು ಹಾಕಿ, "ನಮ್ಮನೇಲಿ ಎಣ್ಮಕ್ಳಿಗೆ ಪೂರಾ ಸ್ವತಂತ್ರ ಕಣಮ್ಮ. ದೊಡ್ಡೋರು ಅಂತ ಒಬ್ರು ಜೊತೇಲಿದ್ರಾಯ್ತು, ಎಲ್ಲಿಗಾದ್ರೂ ಓಗ್ಲಿ. ಆದ್ರೆ ಈ ಸುಗ್ಗಿ ಟೈಮ್ನಲ್ಲಿ ಯಾವ್ ದೊಡ್ಡೋರಿಗೆ ಪುರಸೊತ್ತೈತೆ, ನೀವೇ ಏಳಿ" ಅಂದರು.

ಕಾಫಿಯ ತಟ್ಟೆ ಹಿಡಿದು ಬಂದ ಚಿಕ್ಕಬೋರಮ್ಮ, "ನಂಗೈತೆ. ನಾನೇ ಓಯ್ತೀನಿ ಬುಡಿ" ಅಂದರು.

ಹೊನ್ನಪ್ಪನವರ ಕಾಲು ಕಾಲಿನ ಮೇಲಿಂದ ಇಳಿಯಿತು.

"ನೀನಾ? ಅಸಗೊಳು?"

"ಅಸ ನೀವ್ ಕರೀತೀರಲ್ಲ. ಮೈಕ್ನಾಗೆ ಏಳಿದ್ರಲ್ಲ ಓದೊರ್ಸ."

ಬೀಗಿತ್ತಿ ಜೋರಾಗಿ ನಕ್ಕುಬಿಟ್ಟರು. "ಓಗ್ಬನ್ನಿ ಬೀಗಿತ್ತಿ, ನಿಮ್ಗೂ ಸೊಲ್ಪ ಆರಾಮಾಯ್ತದೆ" ಅಂದರು. ಬೀಗರ ಎದುರು ಕೊಟ್ಟ ಮಾತನ್ನು ನುಂಗುವುದು ಸಾಧ್ಯವಿರಲಿಲ್ಲ. ಹೊನ್ನಪ್ಪನವರು ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಈ ತೀರ್ಮಾನದಿಂದ ಹೆಚ್ಚು ನೊಂದವಳು ತನುಶ್ರೀ. ಅವ್ವನೂ ಬರುತ್ತಾರೆಂದು ತಿಳಿದ ಕೂಡಲೇ ಇಬ್ಬರು ಗೆಳತಿಯರಿಗೆ ಅದೇ ವಾರ ತುರ್ತು ಕೆಲಸ ಬಿತ್ತು. ಉಳಿದವಳು ಭೂಮಿಕ ಒಬ್ಬಳೇ. ಪಾಂಡವಪುರದ ಅಕ್ಕಸಾಲಿಗರ ಮಗಳು, ತನುಶ್ರೀಯ ತಾಳಿ ಮಾಡುತ್ತಿದ್ದದ್ದು ಅವಳ ತಂದೆಯೇ. ಅವಳಿಗೆ ಕಾರು ಓಡಿಸಲು ಬರುತ್ತಿತ್ತು, ಹೆದರಿಕೆ ಬರುತ್ತಿರಲಿಲ್ಲ.

ಟ್ರಿಪ್ಪಿನ ಸಭೆ ಕೊಟ್ಟಿಗೆಯಲ್ಲೇ ನಡೆಯಿತು. ಚಿಕ್ಕಬೋರಮ್ಮ ಕರೆಯುತ್ತಿದ್ದ ಹಸುವಿನ ಹೆಸರು ಡೀಸಮ್ಮ. ಜಿಲ್ಲೆಯ ಡೀಸಿ ಸಾಹೇಬರ ಹಾಗೆ, ಅಪ್ಪಣೆಯಿಲ್ಲದೆ ಹತ್ತಿರ ಬಂದವರನ್ನು ಕಣ್ಣೆತ್ತಿಯೂ ನೋಡದೆ ಒದೆಯುವುದರಿಂದ ಆ ಹೆಸರು. ಸಂಘದಿಂದ ಬಂದ ಹಾಲು ಕರೆಯುವ ಮಿಷನ್ನನ್ನೂ ಅದು ಹಾಗೆಯೇ ಒದ್ದಿತ್ತು. ಈಗ ಆ ಮಿಷನ್ನಿನ ಮೇಲೆ ಕೋಳಿಗಳು ಮಲಗುತ್ತಿದ್ದವು.

"ಅಲ್ಲಿಗ್ ಓಗಿ ಏನ್ ಮಾಡದು?" ಎಂದು ಚಿಕ್ಕಬೋರಮ್ಮ ಕೇಳಿದರು.

"ಏನೂ ಇಲ್ಲ ಆಂಟಿ," ಭೂಮಿಕ ಮೊಬೈಲು ನೋಡಿ ಓದಿದಳು. "ಮೊದಲನೇ ದಿನ ರೆಸ್ಟು. ಎರಡನೇ ದಿನ ಕಾಲಿಗೆ ಮಸಾಜು, ಆಮೇಲೆ ಬೀಚಲ್ಲಿ ಮಲಗೋದು. ಮೂರನೇ ದಿನ ಬರೀ ಬೀಚಲ್ಲಿ ಮಲಗೋದು."

"ಮನಿಕ್ಕಳಕ್ಕೆ ಅಷ್ಟು ದೂರ ಓಗ್ಬೇಕೇನವ್ವ?"

"ಇಲ್ಲಿದ್ರೆ ಮನಿಕ್ಕಳಕ್ಕೆ ಬುಡ್ತೀಯಾ ನೀನು?" ಎಂದು ತನುಶ್ರೀ ಮುಖ ಊದಿಸಿಕೊಂಡೇ ಅಂದಳು. "ಏಪ್ರಿಲ್ ಅತ್ತರಿಂದ ಅದಿಮೂರು ಅಂತ ರೂಮು ನೋಡಿವ್ನಿ."

"ಮಾರ್ಚ್ ಇಪ್ಪತ್ತೇಳುಕ್ಕೆ ಒಲ್ಡಾನ."

"ಯಾಕೆ? ಮಾರ್ಚ್ ಕೊನೇಲಿ ನಂಗೆ ರಜ ಕೊಡಲ್ಲ ಕಣವ್ವ. ಇದು ನನ್ ಟ್ರಿಪ್ಪು!"

ಚಿಕ್ಕಬೋರಮ್ಮ ಡೀಸಮ್ಮನ ಹೊಟ್ಟೆಗೆ ಹಣೆ ಒತ್ತಿ ಕರೆಯುತ್ತಲೇ ಅಂದರು: "ನಿಂದು ನಾಕ್ ದಿನುದ್ದು ಕಣ್ ಮಗ. ನಂದು ಅನ್ನೆಲ್ಡ್ ವರ್ಸುದ್ದು. ಮೆದೆ ಹಿಂದ್ಕೋಗಿ ಗೋಣಿತಾಟು ಸರ್ಸಿ ನೋಡ್ಕಬಾ."

ಹುಡುಗಿಯರಿಬ್ಬರೂ ಹೋಗಿ ನೋಡಿ ಬಂದರು. ಬರುವಾಗ ತನುಶ್ರೀಯ ಮುಖ ಬೇರೆಯಾಗಿತ್ತು. ತಾಯಿಯ ಬೆರಳುಗಳ ಗಿಣ್ಣು ಬಾತಿರುವುದನ್ನು ಅವಳು ದಿನಾ ನೋಡಿದವಳು. ಕಲ್ಲಿನ ಮೇಲೆ ಸ್ವಹಸ್ತ ಎಂದು ಓದಿದ ಮೇಲೆ ನೋಡಿದ್ದು ಅದೇ ಮೊದಲು.

"ರಜ ಕೇಳ್ತೀನಿ ಬುಡವ್ವ. ಕೊಡ್ಲಿಲ್ಲ ಅಂದ್ರೆ ಜ್ವರ ಬತ್ತದೆ" ಅಂದಳು.

ಅಲ್ಲಿಂದ ಮುಂದೆ ಹುಡುಗಿಯರು ರೂಮು, ಊಟ, ಮಸಾಜುಗಳನ್ನು ನೋಡಿಕೊಂಡರು. ಉಳಿದ ಯೋಜನೆ ಚಿಕ್ಕಬೋರಮ್ಮನವರದು. ಊರಲ್ಲಿ ಅವರನ್ನು ಬಿಟ್ಟರೆ ಆ ಹಸುಗಳ ಕೆಚ್ಚಲು ಮುಟ್ಟಬಲ್ಲವರು ಪಕ್ಕದ ಮನೆಯಲ್ಲಿದ್ದ ವಾರಗಿತ್ತಿ ಒಬ್ಬರೇ. ಕಾರಿನಲ್ಲಿ ಖಾಲಿಯಾದ ಜಾಗಕ್ಕೆ ಅವರನ್ನು ಹೊರಡಿಸಿದರು. ಊರಾಚೆ ಇನ್ನೊಬ್ಬರಿದ್ದರು, ತೊಣ್ಣೂರಿಗೆ ಕೊಟ್ಟಿದ್ದ ತಂಗಿ ಯಶೋದಮ್ಮ. ಬಂದಾಗಲೆಲ್ಲ ಅಕ್ಕನ ಸೀರೆಯುಟ್ಟು ಕರೆದು ರೂಢಿಯಿದ್ದವರು. ಕರೆಯುವವಳ ಸೀರೆಯ ವಾಸನೆ ಬಂದರಷ್ಟೇ ಹಾಲು ಬಿಡುವ ಹಸುಗಳು ನಮ್ಮ ಕಡೆ ಬೇಕಾದಷ್ಟಿವೆ. ಹೆಂಡತಿ ಬಾಣಂತನಕ್ಕೆ ಹೋದಾಗ ಅವಳ ಸೀರೆ ಸುತ್ತಿಕೊಂಡು ಕರೆದ ಗಂಡಸರೂ ಇದ್ದಾರೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೆ. ತಂಗಿಗೆ ಚಿಕ್ಕಬೋರಮ್ಮ ಹೇಳಿದ್ದು ಇಷ್ಟು: "ನಾವು ಒಲ್ಟ ದಿನ ಸಂಜಿಕೆ ಒತ್ತಿಗ್ ಸರ್ಯಾಗಿ ಬಂದು ಕರಿ. ರಾತ್ರಿಕೆ ಉಳ್ಕೋಬ್ಯಾಡ, ಊರಿಗೋಗು. ಮಾರ್ನೆ ದಿನ ಏಳೂ ಮುಕ್ಕಾಲ್ ಬಸ್ಸಿಗ್ ಬಾ. ಅದ್ಕೂ ಮುಂಚೆ ಬಂದ್ರೆ ನೀನು ನನ್ ತಂಗಿ ಅಲ್ಲ."

ಡೇರಿ ಹಾಲು ತೆಗೆದುಕೊಳ್ಳುವುದು ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ.

ಕೊನೆಯದಾಗಿ ಅವರು ನನಗೆ ಫೋನು ಮಾಡಿದರು. "ಅನ್ನೆಲ್ಡ್ ವರ್ಸ ತುಂಬ್ತಾ ಐತೆ ಸಾರ್. ಇಪ್ಪತ್ತೆಂಟುನೇ ತಾರೀಕು ಬೆಳಿಗ್ಗೆ ಐದೂ ಮುಕ್ಕಾಲ್ಗೆ ಬನ್ನಿ, ಅವ್ರು ಕರಿಯೋದ ಮೊದ್ಲಿಂದ ಕೊನೇವರ್ಗೂ ಫೋಟೋ ತೆಕ್ಕೊಳಿ. ಡೇರಿ ಬಾಗ್ಲು ಆಕೋವರ್ಗೂ ಇದ್ದು ನೋಡಿ" ಅಂದರು. ಹಳೆಯದನ್ನೆಲ್ಲ ಮರೆತು ಕರೆಯುತ್ತಿದ್ದಾರಲ್ಲ ಎಂದು ನನ್ನ ಮನಸ್ಸು ತುಂಬಿಬಂತು. ಪತ್ರಿಕೆಯವನು ಎದುರಿಗೆ ನಿಂತಿದ್ದರೆ ಪಕ್ಕದ ಮನೆಯ ಹಾಲನ್ನು ತಂದು ತಮ್ಮದೆಂದು ಹಾಕಲು ಹೊನ್ನಪ್ಪನವರಿಗೆ ಆಗುವುದಿಲ್ಲ, ನನ್ನನ್ನು ಕರೆದದ್ದು ಅಷ್ಟಕ್ಕೇ ಎಂಬುದು ಹೊಳೆಯಲು ನನಗೆ ಎರಡು ವಾರ ಬೇಕಾಯಿತು.

ಇಪ್ಪತ್ತೇಳರ ಬೆಳಿಗ್ಗೆ ಹಾಲು ಹಾಕಿ, ಎಂಟು ಗಂಟೆಗೆ ನಾಲ್ವರೂ ಹೊರಟರು. ಗಂಡನ ಶಾಲನ್ನು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟು, "ನಾಳೀಕೆ ಪೇಪರ್ನೋರು ಬತ್ತಾವ್ರೆ" ಎಂದು ಚಿಕ್ಕಬೋರಮ್ಮ ಹೇಳಿದ್ದರು. ಸಂಜೆ ಯಶೋದಮ್ಮ ಬಂದು ಕರೆದು, ಹೊತ್ತಿಗೆ ಸರಿಯಾಗಿ ಹಾಲು ಹಾಕಿಸಿ, "ನಾಳೆ ಬತ್ತೀನಿ ಭಾವ" ಎಂದು ಬಸ್ಸು ಹತ್ತಿದರು. ಹೊನ್ನಪ್ಪನವರಿಗೆ ಧೈರ್ಯ ಬಂತು. ನಾಳೆ ಅವಳು ಕರೆಯುತ್ತಾಳೆ, ಕೊನೆಯ ಎರಡು ಧಾರೆಗೆ ನಾನು ಕೂತು ಫೋಟೋ ಹಿಡಿಸಿಕೊಳ್ಳುತ್ತೇನೆ ಎಂಬುದು ಅವರ ಲೆಕ್ಕ. ಒಂಬತ್ತನೆಯ ಶಾಲಿನ ವರ್ಷ ನನಗೆ ತೋರಿಸಿದ್ದೂ ಅದನ್ನೇ.

ನಾನು ಐದೂ ಮುಕ್ಕಾಲಿಗೆ ಹೋದಾಗ ಹೊನ್ನಪ್ಪನವರು ಬಿಳಿ ಅಂಗಿ, ಶಾಲು ಸಮೇತ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಆರಾಯಿತು. ಯಶೋದಮ್ಮನವರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಪೇಪರಿನವರು ಬಂದಿದ್ದಾರೆಂದು ಬೀದಿಯ ಹತ್ತು ಜನ ಸೇರಿದರು.

"ಶುರು ಮಾಡೋಣ್ವಾ?" ಅಂದೆ ನಾನು.

ಹೊನ್ನಪ್ಪನವರು ಬಕೆಟ್ಟು ಹಿಡಿದು ಡೀಸಮ್ಮನ ಪಕ್ಕ ಕೂತರು. ಅದು ತಿರುಗಿ ಅವರನ್ನು ಮೂಸಿ, ಮಧ್ಯವರ್ತಿಯನ್ನು ಕಂಡ ಅಧಿಕಾರಿಯ ಹಾಗೆ ಮುಖ ತಿರುಗಿಸಿತು. ಕೆಚ್ಚಲು ತುಂಬಿ ಬಿಗಿದಿತ್ತು. ಎಳೆದರೆ ಒಂದು ಹನಿ ಇಲ್ಲ. ಹಾಲನ್ನು ಮೇಲಕ್ಕೆ ಏರಿಸಿಕೊಂಡುಬಿಟ್ಟಿತ್ತು. ಎರಡನೆಯ ಹಸುವಿನದೂ ಅದೇ ಕಥೆ. ಮೂರನೆಯದು ಹತ್ತಿರವೇ ಸೇರಿಸಲಿಲ್ಲ. ಆರೂವರೆಗೆ ಒಂದು ಒದೆ ಬಿದ್ದು ಶಾಲು ಗಂಜಲದ ಗುಂಡಿಗೆ ಹೋಯಿತು.

"ಹೊನ್ನಪ್ಪಣ್ಣ, ಆಯಮ್ಮನ್ ಸೀರೆ ಸುತ್ಕೊಳಿ, ಬುಡ್ತದೆ" ಎಂದು ಗುಂಪಿನಿಂದ ಯಾರೋ ಕೂಗಿದರು.

ಹೊನ್ನಪ್ಪನವರು ನನ್ನನ್ನೂ ಕ್ಯಾಮೆರಾವನ್ನೂ ಹನ್ನೆರಡು ವರ್ಷವನ್ನೂ ತೂಗಿ ನೋಡಿದರು. ಒಳಗೆ ಹೋದರು. ಹಸಿರು ಸೀರೆ ಹಗ್ಗದ ಮೇಲಿರಲಿಲ್ಲ. ಕೊಟ್ಟಿಗೆಗೆ ಉಡುವ ಒಂದೂ ಸೀರೆ ಮನೆಯಲ್ಲಿರಲಿಲ್ಲ. ಬೀರುವಿನಲ್ಲಿದ್ದದ್ದು ಮಗಳ ನಿಶ್ಚಿತಾರ್ಥಕ್ಕೆ ತಂದಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆ, ಜೊತೆಗೆ ನುಸಿಗುಳಿಗೆಯ ಘಾಟು. ಅದನ್ನೇ ಪಂಚೆಯ ಮೇಲೆ ಸುತ್ತಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಮೀಸೆಯನ್ನು ಅದರಲ್ಲಿ ಮುಚ್ಚಿಕೊಂಡು ಕ್ಷೀರಪುರುಷರು ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಗೆ ಬಂದರು. ಗುಂಪಿನಲ್ಲಿ ಒಬ್ಬರೂ ನಗಲಿಲ್ಲ. ನಗದೆ ಇರುವುದಕ್ಕೆ ಎಲ್ಲರೂ ಕಷ್ಟಪಡುತ್ತಿದ್ದರು.

ಡೀಸಮ್ಮ ಸೆರಗು ಮೂಸಿತು. ಸೀನಿತು. ಆಮೇಲೆ ಬಕೆಟ್ಟನ್ನು ಎತ್ತಿ ಎಸೆಯಿತೆಂದೇ ಹೇಳಬೇಕು. ಅದೇ ಕ್ಷಣದಲ್ಲಿ ನನ್ನ ಬೆರಳು ಕ್ಯಾಮೆರಾ ಒತ್ತಿತು. ಇದು ಅಭ್ಯಾಸಬಲವೇ ಹೊರತು ದುರುದ್ದೇಶವಲ್ಲ.

ಏಳು ಗಂಟೆಗೆ ಹೊನ್ನಪ್ಪನವರು ಹೆಂಡತಿಗೆ ಫೋನು ಹಚ್ಚಿದರು. ಕೈಯೆಲ್ಲ ಸಗಣಿಯಾಗಿದ್ದರಿಂದ ಫೋನನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು ಸ್ಪೀಕರು ಹಾಕಿದರು. ಮೊದಲು ಅಲೆಯ ಸದ್ದು ಕೇಳಿತು.

"ಅಮ್ಮಿ, ಆ ಅಸ್ರು ಸೀರೆ ಎಲ್ಲಿಟ್ಟಿದ್ದೀಯ?"

"ನಂತಾವೈತೆ. ಮಳ್ಳ್ ಮ್ಯಾಲೆ ಆಸ್ಕೊಂಡ್ ಕುಂತಿವ್ನಿ."

"ಸೀರೇನ್ಯಾಕ್ ತಕ್ಕೊಂಡೋದೆ?"

"ನಂದೇ ಅಲ್ವಾ? ನಾಕ್ಕೇ ಎಚ್ಚರಾಗೋಯ್ತು. ಏನೂ ಕೆಲ್ಸ ಇರ್ಲಿಲ್ಲ, ಬಂದ್ ಕುಂತ್ಕಂಡೆ. ಚೆಂದಾಗೈತೆ."

"ಡೀಸಮ್ಮ ಆಲು ಬುಡ್ತಾ ಇಲ್ಲ ಕಣಮ್ಮಿ! ಅರ್ಧ ಗಂಟೆ ಐತೆ. ಏನ್ ಮಾಡ್ಲಿ ಏಳು!"

ಫೋನಿನಲ್ಲಿ ಒಂದು ದೊಡ್ಡ ಅಲೆ ಬಂದು ಹೋಯಿತು. ಆಮೇಲೆ ಚಿಕ್ಕಬೋರಮ್ಮ, ಮಗುವಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು: "ದಿನಾ ಎಂಗ್ ಕರೀತೀರೋ ಅಂಗೇ ಕರೀರಿ. ಅನ್ನೆಲ್ಡ್ ವರ್ಸ ಕರ್ದಿಲ್ವಾ? ಕಲ್ಲಲ್ಲಿ ಬರ್ದೈತಲ್ಲ."

ಗುಂಪಿನಲ್ಲಿ ಈಗ ಒಬ್ಬ ನಕ್ಕ. ಒಬ್ಬ ನಕ್ಕ ಮೇಲೆ ಉಳಿದವರನ್ನು ಹಿಡಿಯಲಾಗಲಿಲ್ಲ. ಹೊನ್ನಪ್ಪನವರು ಸೆರಗಿನಿಂದಲೇ ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ, "ನಾನು ಕರ್ದಿಲ್ಲ ಕಣೆ. ಒಂದಿನಾನೂ ಕರ್ದಿಲ್ಲ. ಆಯ್ತಾ? ಈಗೇಳು" ಅಂದರು.

"ಪೇಪರ್ನೋರು ಬಂದವ್ರಾ?"

"ಅವ್ರೆ."

"ಅವ್ರ್ಗೂ ಕೇಳುಸ್ತಾ?"

"ಕೇಳಿಸ್ತು ತಾಯಿ" ಅಂದೆ ನಾನು.

"ಸರಿ. ನಾನು ಮಸಾಜ್ಗೋಗ್ಬೇಕು" ಎಂದು ಚಿಕ್ಕಬೋರಮ್ಮ ಫೋನಿಟ್ಟರು.

ಏಳೂವರೆಗೆ ತಮ್ಮಯ್ಯ ಡೇರಿಯ ಬಾಗಿಲು ಹಾಕಿದ್ದು ನಾವು ನಿಂತಲ್ಲಿಗೇ ಕೇಳಿಸಿತು. ಹದಿನೈದು ನಿಮಿಷಕ್ಕೆ ಬಸ್ಸು ಬಂತು. ಯಶೋದಮ್ಮ ಇಳಿದು ಬಂದು, ಬ್ಯಾಗಿನಿಂದ ಅಕ್ಕನ ಇನ್ನೊಂದು ಹಳೆಯ 'ಕೊಟ್ಟಿಗೆ ಸೀರೆ' ತೆಗೆದು ಸುತ್ತಿಕೊಂಡು ಕೂತರು. ಡೀಸಮ್ಮ ಅವರ ಭುಜ ನೆಕ್ಕಿತು. ಹಾಲು ನೊರೆಯೆದ್ದು ಬಕೆಟ್ಟು ತುಂಬಿತು. ರೇಷ್ಮೆ ಸೀರೆಯಲ್ಲಿದ್ದ ಹೊನ್ನಪ್ಪನವರು ಅದನ್ನು ನೋಡುತ್ತ ನಿಂತಿದ್ದರು. ಆ ಹಾಲನ್ನೆಲ್ಲ ಕಾಸಿ, ಬೀದಿಯ ಮಕ್ಕಳಿಗೆ ಕುಡಿಯಲು ಕೊಡಬೇಕೆಂದು ಅಕ್ಕ ಹೇಳಿದ್ದಾಳೆಂದು ಯಶೋದಮ್ಮ ಹೇಳಿದರು. ಉಳಿದ ದಿನ ಅವರು ಅಲ್ಲೇ ಉಳಿದು ಎರಡೂ ಹೊತ್ತು ಸರಿಯಾದ ವೇಳೆಗೆ ಕರೆದರು. ತಪ್ಪಿದ್ದು ಒಂದೇ ಹೊತ್ತು. ಬೇಕಾಗಿದ್ದದ್ದೂ ಒಂದೇ.

ಏಪ್ರಿಲ್ಲಿನ ಸಭೆಯಲ್ಲಿ ಶಾಲು ಯಾರಿಗೂ ಹೋಗಲಿಲ್ಲ. ಅಷ್ಟರಲ್ಲಿ ಹೊನ್ನಪ್ಪನವರು ತಮ್ಮ ಸಂಘದ ಸದಸ್ಯತ್ವವನ್ನು ಹೆಂಡತಿಯ ಹೆಸರಿಗೆ ಬರೆದುಕೊಟ್ಟಿದ್ದರು. ಏಪ್ರಿಲ್ ಒಂದರಿಂದ ಹಾಲು ಚಿಕ್ಕಬೋರಮ್ಮನವರ ಹೆಸರಿನಲ್ಲಿ ಹೋಗುತ್ತಿದೆ. ಯಾರೂ ಒತ್ತಾಯ ಮಾಡಲಿಲ್ಲವಂತೆ. ಆದರೆ ನಾನು ತೆಗೆದ ಫೋಟೋವನ್ನು ಚಿಕ್ಕಬೋರಮ್ಮ ನನ್ನಿಂದ ತರಿಸಿಕೊಂಡು ಮೊಬೈಲಿನಲ್ಲಿಟ್ಟುಕೊಂಡಿದ್ದಾರೆ. ಹೊನ್ನಪ್ಪನವರ ಮಾತು ಸ್ವಲ್ಪ ಉದ್ದವಾಯಿತೆನ್ನಿಸಿದರೆ ಅವರು ಸುಮ್ಮನೆ ಮೊಬೈಲು ಕೈಗೆತ್ತಿಕೊಳ್ಳುತ್ತಾರೆ. ಮಾತು ತಾನಾಗಿಯೇ ಮುಗಿಯುತ್ತದೆ. ಮದುವೆಯ ಕರೆಯೋಲೆಯಲ್ಲಿ ಹೊನ್ನಪ್ಪನವರ ಹೆಸರಿನ ಹಿಂದೆ ಬರೀ ಶ್ರೀ ಇತ್ತು, ಕ್ಷೀರಪುರುಷ ಇರಲಿಲ್ಲ.

ಮದುವೆ ಮುಗಿದ ವಾರ ನಾನು ಚಿನಕುರಳಿಗೆ ಹೋದೆ. ಚಿಕ್ಕಬೋರಮ್ಮನವರ ಬಗ್ಗೆಯೇ ಬರೆದು ತಪ್ಪು ತಿದ್ದಿಕೊಳ್ಳುವ ಉದ್ದೇಶ. ನಡುಮನೆಯಲ್ಲಿ ಡೈರೆಕ್ಟರುಗಳ ಫೋಟೋ ಇದ್ದ ಜಾಗದಲ್ಲಿ ಬೇರೆ ಫೋಟೋ ಬಂದಿತ್ತು: ಅದೇ ಥರದ ಸಮುದ್ರ, ಮುಂದೆ ಹಸಿರು ಸೀರೆಯ ಮೇಲೆ ಸಾಲಾಗಿ ಮಲಗಿದ ನಾಲ್ಕು ಹೆಂಗಸರು, ಭೂಮಿಕಳ ಕಪ್ಪು ಕನ್ನಡಕ ಚಿಕ್ಕಬೋರಮ್ಮನವರ ಮೂಗಿನ ಮೇಲೆ. ಹೊನ್ನಪ್ಪನವರೇ ನನಗೆ ಕಾಫಿ ತಂದುಕೊಟ್ಟರು. ಚೆನ್ನಾಗಿರಲಿಲ್ಲ. ನಾನು ಏನೂ ಹೇಳಲಿಲ್ಲ.

ಚಿಕ್ಕಬೋರಮ್ಮ ಹಿತ್ತಲಿನಲ್ಲಿದ್ದರು. ಆ ಚಪ್ಪಡಿ ಕಲ್ಲು ಈಗ ನಲ್ಲಿಯ ಕೆಳಗೆ ಮಲಗಿತ್ತು, ಅಕ್ಷರ ಮೇಲೆ ಮಾಡಿ. ಅದರ ಮೇಲೆ ಹಾಲಿನ ಕ್ಯಾನು ಉರುಳಿಸಿ ಅವರು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. 'ಸ್ವಹಸ್ತ'ದ ಗುಳಿಗಳಲ್ಲಿ ಸೋಪಿನ ನೊರೆ ನಿಂತಿತ್ತು.

"ಅವರ ಮೇಲಿನ ಸಿಟ್ಟು ಈಗ ಹೋಯ್ತಾ ತಾಯಿ?" ಎಂದು ಕೇಳಿದೆ.

"ಕಲ್ಲು ಸವೀಲಿ, ನೋಡಾನ" ಅಂದರು.

ನಾನು ಪುಸ್ತಕ ತೆರೆದು, ಲೇಖನಕ್ಕೆ ಬೇಕಾಗುವಂಥ ಒಂದು ಪ್ರಶ್ನೆ ಕೇಳಿದೆ. "ಅಲ್ಲಮ್ಮ, ತನ್ನನ್ನು ದಿನಾ ಕರೆಯೋರು ಯಾರು ಅಂತ ಗುರುತು ಹಿಡಿಯೋವಷ್ಟು ಬುದ್ಧಿ ಒಂದು ಹಸುವಿಗೆ ನಿಜವಾಗಿ ಇರುತ್ತಾ?"

ಚಿಕ್ಕಬೋರಮ್ಮ ಕ್ಯಾನು ತಿರುಗಿಸಿದರು. ತಲೆ ಎತ್ತಲಿಲ್ಲ.

"ಪೇಪರ್ನೋರ್ಗಿಂತ ಐತೆ."